ಕಾವಿಗೆ ಕುಂತವಳಿಗೆ ಕಾಕಾನ ನೋಟಿಸು

ನಮ್ಮ ಕಾಕಾ ಒಂದು ಕೋಳಿಗೆ ಮೂರು ಸಲ ನೋಟಿಸು ಕೊಟ್ಟಿದ್ದಾನೆ. ಎರಡೇ ಸಲವೂ ಇರಬಹುದು. ನನ್ನ ಡೈರಿಯಲ್ಲಿ ಎರಡು ಅಂತಿದೆ, ನೆನಪಿನಲ್ಲಿ ಮೂರು. ಡೈರಿ ಬರೆದವಳೂ ನಾನೇ ಆದ್ದರಿಂದ ಯಾರನ್ನು ನಂಬುವುದು? ಕೋಳಿಯ ಬಣ್ಣದ ವಿಷಯದಲ್ಲೂ ನನಗೂ ಕಕ್ಕಿಗೂ ಒಮ್ಮತವಿಲ್ಲ. ನಾನು ಕೆಂಚು ಅನ್ನುತ್ತೇನೆ, ಅವಳು ಕಪ್ಪು ಚುಕ್ಕಿಯದು ಅನ್ನುತ್ತಾಳೆ. ಆದರೆ ನೋಟಿಸು ಕೊಟ್ಟದ್ದು ಮಾತ್ರ ಖರೇ!

ಕಾಕಾ ಕೋರ್ಟಿನಲ್ಲಿ ಅಮೀನನಾಗಿದ್ದವನು. ಸಮನ್ಸು ಮುಟ್ಟಿಸುವುದು, ತೆಗೆದುಕೊಳ್ಳದವರ ಬಾಗಿಲಿಗೆ ಅದನ್ನು ಅಂಟಿಸುವುದು, ಹುಕುಂ ಆದ ಮನೆಗಳನ್ನು ಖಾಲಿ ಮಾಡಿಸಿ ಕೀಲಿ ಹಾಕುವುದು ಅವನ ಕೆಲಸ. ನಿವೃತ್ತನಾದ ಮೇಲೆ ರಾಣೆಬೆನ್ನೂರಿನ ಮನೆಯ ಹಿತ್ತಲಿನಲ್ಲಿ ಐದು ಜವಾರಿ ಹ್ಯಾಟೆ ಕೋಳಿ ಸಾಕಿದ. ಹುಂಜ ಮಾತ್ರ ತರಲಿಲ್ಲ. ಊರಿಗೆಲ್ಲ ಕೇಳುವ ಹಾಗೆ ಕೂಗುವವರು ಕೋರ್ಟಿನ ಬಾಗಿಲಲ್ಲೇ ಇರಲಿ, ಹಿತ್ತಲಿಗೆ ಬೇಡ ಎಂಬುದು ಅವನ ವಾದ. ಯಾವ ಮದುವೆಗೆ ಹೋದರೂ ಎಲೆಯ ಮುಂದೆ ಕೂತು ಒಂದೇ ಮಾತು: "ಮೂವತ್ತ ವರ್ಷದಾಗ ನಾ ಹೋದ ಮನಿ ಒಂದೂ ಖಾಲಿ ಆಗದ ಉಳದಿಲ್ಲ."

ಅಂಥವನ ಹಿತ್ತಲಿನಲ್ಲಿ ಒಬ್ಬಳು ಏಳುವುದಿಲ್ಲ ಅಂತ ಕೂತುಬಿಟ್ಟಳು.

ಮೊದಲು ನೋಡಿದವಳು ನಾನೇ. ಶನಿವಾರ ಹಾವೇರಿಯಿಂದ ಹೋಗಿದ್ದೆ. ಹ್ಯಾಟೆ ಬುಟ್ಟಿಯಿಂದ ಏಳದೆ ಮಂಕಾಗಿ ಕೂತಿತ್ತು. ಕೈ ಹಾಕಿದರೆ ಕುಕ್ಕಿತು. ಹೊಟ್ಟೆ ಮುಟ್ಟಿದರೆ ಕಾದ ಹಂಚು! ಕೋಳಿಗೆ ಜ್ವರ ಬಂದಿದೆ ಅಂತ ಒಳಗೆ ಹೋಗಿ ಸಾರಿದೆ.

"ನೀ ಎಂ.ಎ. ಯಾವದರಾಗ ಮಾಡೀದಿ?" ಅಂದಳು ಕಕ್ಕಿ.

"ಇತಿಹಾಸದಾಗ."

"ಹಂಗಾರ ಸುಮ್ನ ಕುಂದ್ರು. ಅದು ಕಾವಿಗೆ ಕುಂತೈತಿ."

ಕಾಕಾನಿಗೆ ಬಾಯಿಮಾತು ಸಾಲದು. ಎರಡು ದಿನ ಸ್ಥಳ ಪರಿಶೀಲನೆ ನಡೆಸಿ ಪಂಚನಾಮೆ ಬರೆದ: "ಸದರಿ ಹ್ಯಾಟೆಯು ಮೈ ಚಪ್ಪಟೆ ಮಾಡಿ ಕುಳಿತಿದ್ದು, ಹತ್ತಿರ ಹೋದಾಗ ಗರಿ ಕೆದರಿ ಗುರುಗುಟ್ಟಿದ್ದು, ಎದೆಯ ಪುಕ್ಕ ತಾನೇ ಕಿತ್ತು ಹಾಸಿಕೊಂಡಿದ್ದು, ದಿನಕ್ಕೊಮ್ಮೆ ಮಾತ್ರ ಎದ್ದು ನಾಲ್ಕು ಕಾಳು ತಿಂದು, ದೊಡ್ಡದೊಂದು ಹಿಕ್ಕೆ ಹಾಕಿ, ಪುನಃ ಅಲ್ಲೇ ಕುಳಿತಿದ್ದು ಕಂಡುಬಂದಿರುತ್ತದೆ. ತತ್ತಿ ಇಡುವುದನ್ನು ನಿಲ್ಲಿಸಿರುತ್ತದೆ." ಪಂಚರು ಕಕ್ಕಿ ಮತ್ತು ನಾನು. ಊಟ ಹಾಕುವ ಮನೆಯಲ್ಲಿ ಸಹಿ ಹಾಕುವುದಿಲ್ಲ ಅನ್ನಲಾಗುತ್ತದೆಯೇ? ಹಾಕಿದೆವು.

ಸಂಕಟವೇನೆಂದರೆ, ಅದರ ಹೊಟ್ಟೆಯ ಕೆಳಗೆ ಏನೂ ಇರಲಿಲ್ಲ. ತತ್ತಿಗಳನ್ನು ಕಕ್ಕಿ ಆಗಲೇ ತೆಗೆದಿದ್ದಳು. ಇದ್ದರೂ ಹುಂಜವಿಲ್ಲದ ಹಿತ್ತಲಿನ ತತ್ತಿಗೆ ವರ್ಷಗಟ್ಟಲೆ ಕಾವು ಕೊಟ್ಟರೂ ಮರಿಯಾಗದು. ಇದನ್ನು ಕೋಳಿಗೆ ಹೇಳುವವರು ಯಾರು? ಕಕ್ಕಿಯ ತವರು ಬ್ಯಾಡಗಿಯಲ್ಲಿ ಇಂಥವುಗಳ ಮೂಗಿಗೆ ಪುಕ್ಕ ಚುಚ್ಚಿ ಬಿಡುತ್ತಿದ್ದರಂತೆ, ಮರುದಿನವೇ ಎದ್ದು ಓಡಾಡುತ್ತಿದ್ದವಂತೆ. ಕಾನೂನಿನಲ್ಲಿ ಅದಕ್ಕೆ ಅವಕಾಶವಿಲ್ಲ ಅಂತ ಕಾಕಾ ತಳ್ಳಿಹಾಕಿದ.

ಹೀಗೆ ನೋಟಿಸು ಶುರುವಾಯಿತು. ಮೊದಲನೆಯದನ್ನು ಬುಟ್ಟಿಯ ಮುಂದೆ ನಿಂತು ಗಟ್ಟಿಯಾಗಿ ಓದಿದ. ಹ್ಯಾಟೆ ಗುರುಗುಟ್ಟಿತು. ಎರಡನೆಯದನ್ನು ಬುಟ್ಟಿಗೆ ಅಂಟಿಸಿದ. ಅದನ್ನು ಕೊಕ್ಕಿನಿಂದ ಕಿತ್ತು ಹೊಟ್ಟೆಯ ಕೆಳಗೆ ಸೇರಿಸಿಕೊಂಡಿತು. ನೋಟಿಸನ್ನು ಅಷ್ಟು ಬೆಚ್ಚಗೆ ಸ್ವೀಕರಿಸಿದವರನ್ನು ಕಾಕಾ ನೌಕರಿಯಲ್ಲಿದ್ದಾಗಲೂ ಕಂಡಿರಲಿಕ್ಕಿಲ್ಲ!

ಆಮೇಲೆ ಕೈಗೆ ಟವೆಲ್ಲು ಸುತ್ತಿಕೊಂಡು ಎತ್ತಿ ನುಗ್ಗೆ ಮರದ ಬುಡದಲ್ಲಿ ಬಿಟ್ಟು ಬಂದ. ಅವನು ತಿರುಗಿ ಬರುವಷ್ಟರಲ್ಲಿ ಅದು ಬುಟ್ಟಿಯಲ್ಲಿತ್ತು. ಬುಟ್ಟಿಯನ್ನೇ ತೆಗೆದಿಟ್ಟ. ಕಟ್ಟೆಯ ಮೇಲೆ ಅಂಗಾತ ಇಟ್ಟಿದ್ದ ಅವನ ಹೆಲ್ಮೆಟ್ಟಿನಲ್ಲಿ ಹೋಗಿ ಕೂತಿತು. ಅದೇ ವಾರ ಪೆನ್ಶನ್ನಿನ ಕೆಲಸಕ್ಕೆ ಕಾಕಾ ಹಾವೇರಿಗೆ ಬಸ್ಸಿನಲ್ಲಿ ಬಂದ. ಸ್ಕೂಟರ್ ಎಲ್ಲಿ ಅಂದರೆ, ಹೆಲ್ಮೆಟ್ ಇಲ್ಲ ಅಂದ. ಹೆಲ್ಮೆಟ್ ಎಲ್ಲಿ ಅಂದೆ.

"ಅದರಾಗ ಮಂದಿ ಅದಾರ."

ಇನ್ನು ನನ್ನ ವಿದ್ಯೆಯ ಸರದಿ. ಮೊಬೈಲಿನಲ್ಲಿ ಓದಿ ಹೇಳಿದೆ: ತಳಕ್ಕೆ ತಂತಿಯ ಜಾಲರಿ ಇರುವ ಪಂಜರವನ್ನು ಇಟ್ಟಿಗೆಯ ಮೇಲೆ ಎತ್ತರಿಸಿ ಇಡಬೇಕು, ಕೆಳಗಿನಿಂದ ಗಾಳಿಯಾಡಿ ಹೊಟ್ಟೆ ತಂಪಾದರೆ ಕಾವು ಇಳಿಯುತ್ತದೆ, ಕಾಳು ನೀರು ಒಳಗೇ ಇಡಬೇಕು. ಕಾಕಾ ಅದನ್ನು ಕಸ್ಟಡಿ ಅಂತ ಕರೆದು, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತ. ನಾಲ್ಕನೆಯ ದಿನ ಜಾಮೀನು. ಹ್ಯಾಟೆ ಹೊರಬಂದು ಮೈ ಕೊಡವಿ, ಜೋಳ ತಿಂದು, ಹಿತ್ತಲನ್ನು ಎರಡು ಸುತ್ತು ಹಾಕಿತು. ನಾವು ಚಪ್ಪಾಳೆ ತಟ್ಟಿದೆವು. ಮೂರನೆಯ ಸುತ್ತು ಹೆಲ್ಮೆಟ್ಟಿನಲ್ಲಿ ಮುಗಿಯಿತು.

ನಗು ಅಲ್ಲಿಗೆ ನಿಂತಿತು. ಹೆಲ್ಮೆಟ್ ತೆಗೆದರೆ ಬರಿ ನೆಲದ ಮೇಲೆ ಕೂರುತ್ತಿತ್ತು. ಜುಟ್ಟು ಬಿಳಿಚಿಕೊಂಡಿತು, ಎದೆಯ ಮೂಳೆ ಕೈಗೆ ಹತ್ತತೊಡಗಿತು. ಕಕ್ಕಿ ತನ್ನ ನೋಟಿಸು ಕೊಟ್ಟಳು. ಅವಳದಕ್ಕೆ ಕಾಗದ ಬೇಕಿರಲಿಲ್ಲ.

"ಬರೂ ಆಯಿತವಾರದ ತನಕಾನೂ ಹಿಂಗ ಕುಂತ್ರ, ಒಲಿ ಮ್ಯಾಲೆ ಕುಂದ್ರಸ್ತೇನಿ ನೋಡ್ರಿ. ಉಪಾಸ ಬಿದ್ದು ಸಾಯೂದಕ್ಕಿಂತ ಚೊಲೊ."

ಆ ಶನಿವಾರ ನಾನು ಹೋದಾಗ ಅಂಗಳದಲ್ಲಿ ಬ್ಯಾಡಗಿ ಮೆಣಸಿನಕಾಯಿ ಒಣಗುತ್ತಿತ್ತು. ಮಸಾಲೆಗೇ ಅಂತ ಬೇರೆ ಹೇಳಬೇಕೆ? ಕಾಕಾ ಮನೆಯಲ್ಲಿರಲಿಲ್ಲ. ನಾವೆಲ್ಲ ಖಾಲಾ ಅಂತ ಕರೆಯುವ ಪಕ್ಕದ ಮನೆಯಾಕೆಯ ಬಾಗಿಲ ಮುಂದೆ ನಿಂತಿದ್ದ. ಇದು ದೊಡ್ಡ ಮಾತು. ಕಾಕಾ ಯಾರ ಬಾಗಿಲನ್ನೂ ಬಡಿಯುವವನಲ್ಲ. ತಾನು ಬಾಗಿಲಿಗೆ ಬಂದರೆ ಮಂದಿ ಅಂಜುತ್ತಾರೆ ಎಂಬುದು ಅವನಿಗೆ ಅಭ್ಯಾಸವಾಗಿಬಿಟ್ಟಿದೆ. ಖಾಲಾನೂ ಅಂಜಿದ್ದಳು.

"ಏನ್ ಸಾಹೇಬ್ರ, ಯಾರ ಕಾಗದ ತಂದೀರಿ?"

"ಕಾಗದ ಇಲ್ರಿ ಅಕ್ಕಾರ. ಏಳು ತತ್ತಿ ಬೇಕಾಗಿದ್ವು. ನಿಮ್ಮ ಮನ್ಯಾಗ ಹುಂಜ ಐತೆಲ್ಲ."

ಹೊತ್ತು ಮುಳುಗುವಾಗ ಕಾಕಾ ಬುಟ್ಟಿಗೆ ಹೊಸ ಹುಲ್ಲು ಹಾಸಿ, ಹ್ಯಾಟೆಯನ್ನು ಕೂರಿಸಿ, ತತ್ತಿಗಳನ್ನು ಒಂದೊಂದಾಗಿ ಅದರ ಮುಂದಿಟ್ಟ. ಅದು ಕುಕ್ಕಲಿಲ್ಲ. ಕೊಕ್ಕಿನಿಂದ ಒಂದೊಂದನ್ನೇ ಹೊಟ್ಟೆಯ ಕೆಳಗೆ ಎಳೆದುಕೊಂಡಿತು. ಕಕ್ಕಿ ಮೆಣಸಿನಕಾಯಿ ಬಳಿದು ಡಬ್ಬಿಗೆ ತುಂಬಿದಳು.

ಅಡುಗೆಮನೆಯಲ್ಲಿ ನನಗೆ ಹೇಳಿದಳು: "ಒಂದೂ ಮನಿ ಬಿಟ್ಟಿಲ್ಲಂತಾರಲ್ಲ, ಒಂದು ಬಿಟ್ಟಾರ." ಗುತ್ತಲದ ಕಡೆಯ ಯಾವುದೋ ಹಳ್ಳಿ. ಹೆಸರು ಹೇಳಿದ್ದಳು, ನಾನು ಮರೆತಿದ್ದೇನೆ. ಖಾಲಿ ಮಾಡಿಸಬೇಕಾದ ಮನೆಯೊಳಗೆ ಹೆತ್ತು ನಾಲ್ಕೋ ಐದೋ ದಿನವಾದ ಬಾಣಂತಿ ಮಲಗಿದ್ದಳಂತೆ, ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಗೆ. ಕಾಕಾ ಹೊಸ್ತಿಲಿನಿಂದಲೇ ತಿರುಗಿ ಬಂದು, 'ಮನೆಗೆ ಕೀಲಿ ಇತ್ತು, ಯಾರೂ ಇರಲಿಲ್ಲ' ಅಂತ ವರದಿ ಬರೆದನಂತೆ. ಆ ದಿನ ಊಟ ಮಾಡಲಿಲ್ಲವಂತೆ. ಕೋರ್ಟಿನ ಹುಕುಂ ಮಾತ್ರ ರದ್ದಾಗದೆ ಹಾಗೇ ಇತ್ತು, ಇನ್ನೊಮ್ಮೆ ಯಾರಾದರೂ ಹೋಗಲೇಬೇಕಿತ್ತು.

ಇಪ್ಪತ್ತೊಂದನೆಯ ದಿನ ಆರು ಮರಿ ಬಂದವು. ಡೈರಿಯಲ್ಲಿ ಐದು ಅಂತಿದೆ, ಒಂದು ತಡವಾಗಿ ಒಡೆದಿರಬೇಕು. ಕಾಕಾ ಬುಟ್ಟಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಹಸಿ ಆರದ ಒಂದು ಮರಿಯನ್ನು ಅಂಗೈಯಲ್ಲಿ ಹಿಡಿದಿದ್ದ. ನಾನು ಪಕ್ಕದಲ್ಲಿ ಕೂತು ಒಂದು ಮಾತು ಕೇಳಿದೆ. ಅವನು ಮರಿಯನ್ನು ತಾಯಿಯ ರೆಕ್ಕೆಯ ಕೆಳಗೆ ಬಿಟ್ಟು, ರೆಕ್ಕೆಯನ್ನು ಮೆಲ್ಲಗೆ ಸರಿಮಾಡಿದ. ಸರಿಯಾಗಿದ್ದರೂ ಇನ್ನೊಮ್ಮೆ ಸರಿಮಾಡಿದ. ಡೈರಿಯಲ್ಲಿ ಉತ್ತರಕ್ಕೆ ಎರಡು ಸಾಲು ಬಿಟ್ಟಿದ್ದೇನೆ. ಪ್ರಶ್ನೆಯನ್ನು ಮಾತ್ರ ಕೇಳಿದ ಹಾಗೆಯೇ ಬರೆದಿಟ್ಟಿದ್ದೇನೆ:

"ಕಾಕಾ, ಆ ಗುತ್ತಲ ಕಡೀ ಮನಿಗೆ ಆಮ್ಯಾಲೆ ನೀನ ಹೋದಿ ಏನು?"