ನಾಕು ಗಂಟಿತನಕ ಮಾಸ್ತರ್‌ಗಳನ್ನ ಕೂಡ್ರಿಸಿದ್ದು

ಮಾಸ್ತರ್‌ಗಳಿಗೆ ಪಾಠ ಹೇಳಾಕ ಹೋದಲ್ಲೆಲ್ಲಾ ನನ್ನ ಕೈಲೆ ಇಂಥಾ ದೊಡ್ಡ ಕೆಲಸಾ ಆಗತಾನ ಇರ್ತಾವು. ನಾನು ಸಾಲಿ ಮೆಟ್ಟಲಾ ಹತ್ತಿದಾಂವಲ್ಲ, ಹೆಸರಿಗೆ ಜೀಪಿನ ಡ್ರೈವರ್. ಆದ್ರ ಈ ಮೂರೂ ಊರಾಗ ಪರಿಸರ ಶಿಕ್ಷಣ ನಿಂತದ್ದು ನನ್ನಿಂದ. ಶಿಬಿರ ನಡಸೂ ಮ್ಯಾಡಮ್ಮರಿಗೆ ಪುಸ್ತಕ ಗೊತ್ತಿತ್ತು, ನನಗ ಮಾಸ್ತರ್‌ಗಳು ಗೊತ್ತಿದ್ರು.

೧. ಕೊಲ್ಹಾಪುರ

ಮೊದಲನೇ ಶಿಬಿರಕ್ಕ ನಲವತ್ತು ಮಾಸ್ತರ್‌ಗಳು ಬಂದು ಸಹಿ ಹಾಕಿದ್ರು, ಊಟಾ ಮಾಡಿದ್ರು, ಆರು ಮಂದಿ ಬಿಟ್ಟು ಎಲ್ಲಾರೂ ಹೋದ್ರು. ಸುದ್ದಿ ಫೋನಿನ್ಯಾಗ ಅವಾಗಾ ಮ್ಯಾಲಿನ ಸಾಹೇಬ್ರಿಗೆ ಮುಟ್ಟಿತು. ಗಡಹಿಂಗ್ಲಜದ ಶಿಬಿರಕ್ಕ ನಾವಾ ಬಂದು ನಾಕಕ್ಕ ತಲಿ ಎಣಸ್ತೇವಿ, ಕಡಿಮಿ ಬಿದ್ರ ಶಿಬಿರಾನೂ ಬಂದ್, ಮ್ಯಾಡಮ್ಮರ ನೌಕರೀನೂ ಬಂದ್ ಅಂದ್ರು. ಆರು ಮಂದಿಯರ ಉಳದು ಪಾಠ ಕೇಳ್ಯಾರಲ್ರಿ ಅಂತ ಮ್ಯಾಡಮ್ಮ ಅಂದ್ರು. ನಾ ಒಳಗ ಹೋಗಿ ನೋಡಿದೆ. ಅವರಿಗೆ ನಿದ್ದಿ ಹತ್ತಿತ್ತು.

೨. ಇಚಲಕರಂಜಿ

ಒಳಗ ಕೂಡ್ರಿಸಿದ್ರ ಓಡ್ತಾರ, ಹೊರಗ ಒಯ್ಯೂಣು ಅಂತ ನಾನಾ ಹೇಳಿದೆ. ಬಣ್ಣದ ಕಾರ್ಖಾನಿ ನೀರು ಹರಿಯೂ ಊರ ಹೊರಗಿನ ನಾಲಾಕ್ಕ ಒಯ್ದು, ಕೈಯಾಗೊಂದು ಬಾಟ್ಲಿ ಕೊಟ್ಟು ನೀರು ತುಂಬಿಸಿದ್ವಿ. ಒಬ್ಬರದು ಕೆಂಪ, ಒಬ್ಬರದು ನೀಲಿ. ಇದರಾಗ ಏನು ಕಾಣತೈತಿ ಅಂತ ಮ್ಯಾಡಮ್ಮ ಕೇಳಿದ್ರು. ಎಲ್ಲಾರೂ ಮಗ್ಗದ ಮನಿಯವ್ರು. ಒಬ್ಬ ಮಾಸ್ತರ್ ಬಾಟ್ಲಿ ಬಿಸಿಲಿಗೆ ಹಿಡದು, “ಇದು ಕಚ್ಚಾ ಬಣ್ಣರಿ ಮ್ಯಾಡಮ್, ಒಂದ ತೊಳತಕ್ಕ ಹೋಗತೈತಿ” ಅಂದ. ಬಾಜೂಕಿನಾಂವ ತನ್ನ ಕರಚೀಪ ಅದ್ದಿ, “ಪಕ್ಕಾ ಐತಿ, ತಗೋರಿ ಸರ್, ತೊಳದ ತೋರಸ್ರಿ” ಅಂದ. ಸಂಜಿತನಕ ಅದಾ ವಾದ. ನೀರು ಕೆಟ್ಟೈತಿ ಅಂತ ಒಬ್ಬರೂ ಅನ್ನಲಿಲ್ಲ, ಆದ್ರ ಒಬ್ಬರೂ ಕದಲಲಿಲ್ಲ. ಹೋಗುಮುಂದ ಒಬ್ಬ ಬಾಟ್ಲಿ ಮನಿಗೆ ಒಯ್ದ, ಹೆಂಡ್ತಿ ಸೀರಿಗೆ ಮ್ಯಾಚಿಂಗ್ ನೋಡಾಕ.

೩. ಗಡಹಿಂಗ್ಲಜ

ಸಾಹೇಬ್ರು ಬರೂ ದಿನ. ನೂಲ ಅನ್ನೂ ಹಳ್ಳಿ ಕಡೆ ಒಂದು ಸಾಲಿ, ಸುತ್ತಲೂ ಕಬ್ಬು. ಊಟ ಮುಗದದ್ದಾ ಮಾಸ್ತರ್‌ಗಳು ಗಾಡಿ ಕೀಲಿ ತಗದ್ರು. ಮ್ಯಾಡಮ್ಮರ ಮುಖ ಬಿಳಚಿತು. ನಾನು ಕಟ್ಟಿ ಮ್ಯಾಲ ಕುಂತು ಎಲಿ ಅಡಕಿ ಹಾಕ್ಕೋತ, “ಹೋಗ್ರಿ ಸರ್, ಆದ್ರ ಒಬ್ಬೊಬ್ಬರಾ ಹೋಗಬ್ಯಾಡ್ರಿ” ಅಂದೆ. “ಕಬ್ಬಿನಾಗ ಚಿರತಿ ಐತಿ. ಮುಂಜಾನೆ ಜೀಪಿಗೆ ಅಡ್ಡ ನಿಂತಿತ್ತು. ಹಾರ್ನ್ ಹೊಡದ್ರೂ ಸೈಡ್ ಕೊಡಲಿಲ್ಲ.”

ಕೀಲಿ ಎಲ್ಲಾ ಕಿಸೆದಾಗ ಹೋದವು.

ನಾಕಕ್ಕ ಸಾಹೇಬ್ರು ಬಂದಾಗ ನಲವತ್ತೂ ಮಂದಿ ಮ್ಯಾಡಮ್ಮರ ಸುತ್ತ ಒಬ್ಬರಿಗೊಬ್ಬರು ಅಂಟಿ ಕುಂತಿದ್ರು. ಇಂಥಾ ಶಿಸ್ತು ಜಿಲ್ಲಾದಾಗ ನೋಡಿಲ್ಲ, ಶಿಬಿರ ಮುಂದುವರೀಲಿ ಅಂತ ಬರದು ಕೊಟ್ಟು ಹೋದ್ರು. ಪಾಠ ಮುಗೀತು, ಹೋಗ್ರಿನ್ನ ಅಂತ ಮ್ಯಾಡಮ್ಮ ಅಂದ್ರ ಯಾರೂ ಏಳವಲ್ರು. ಅಷ್ಟರಾಗ ಒಬ್ಬ ಮಾಸ್ತರ್ ಚಿರತಿ ಬಾಲ ನೋಡಿದ್ದ, ಇನ್ನೊಬ್ಬ ಎರಡು ಮರಿ ಎಣಿಸಿದ್ದ. ವಾಟ್ಸಾಪಿನಾಗ ಫೋಟೋನೂ ಬಂದಿತ್ತು. ನಾನೂ ಬಗ್ಗಿ ನೋಡಿದೆ. ಕಬ್ಬು, ಚಿರತಿ, ಎಲ್ಲಾ ಬರೋಬ್ಬರಿ ಇತ್ತು.

“ಕಾಕಾ, ಜೀಪ ತಗೊಂಬರ್ರಿ” ಅಂದ್ರು ಮ್ಯಾಡಮ್ಮ.

ಜೀಪ ಕಬ್ಬಿನ ಬಾಜೂಕ ನಿಂತಿತ್ತು. ಅಂಜೂ ಪೈಕಿ ನಾನಲ್ಲ, ಆ ಚಿರತಿ ಹುಟ್ಟಿಸಿದಾಂವಾ ನಾನು. ಆದ್ರ ನಲವತ್ತು ಮಂದಿ ಕಲತಾವ್ರು ಸುಳ್ಳು ಹೇಳ್ತಾರೇನು?

“ಮ್ಯಾಡಮ್ಮರ,” ಅಂದೆ, “ಇನ್ನೊಂದು ಪಾಠ ಹೇಳ್ರಿ. ನಾನೂ ಕೂಡ್ತೇನಿ.”