ಹುಡುಗರ ಮಾತು ಕೇಳಿದ ಹೆಡ್‌ಮಾಸ್ತರರು

ಅಕ್ಷರ ತಿದ್ದಿಸಿದ ಗುರುಗಳಿಗೆ ಮೊದಲ ನಮಸ್ಕಾರ. ಬಹುಕಾಲ ಕಲಿಸುವ ಭಾಗ್ಯವನ್ನು ಕರುಣಿಸಿದ ಪರಮಾತ್ಮನಿಗೆ ಎರಡನೆಯದು. ‘ನೀವು ಕಲಿಸಿದ್ದು ತಿಳಿಯಲಿಲ್ಲ’ ಎಂದು ಎದ್ದು ನಿಂತು ಹೇಳಿದ ಮಕ್ಕಳಿಗೆ ಮೂರನೆಯದು. ಮೊದಲಿನ ಎರಡು ಋಣಗಳ ವಿಷಯ ಎಲ್ಲರಿಗೂ ಗೊತ್ತು. ಮೂರನೆಯದನ್ನು ನನಗೆ ತೋರಿಸಿಕೊಟ್ಟವರು ಒಬ್ಬ ವಿಚಿತ್ರ ಮನುಷ್ಯ. ಅವರ ಕಥೆಯನ್ನೇ ಈಗ ಹೇಳಹೊರಟಿದ್ದೇನೆ.

ವಿದ್ಯಾರ್ಥಿಗಳ ಮಾತು ಕೇಳದ ಹೆಡ್‌ಮಾಸ್ತರರನ್ನು ನೀವು ಬೇಕಾದಷ್ಟು ಕಂಡಿದ್ದೀರಿ. ಕೇಳಿದಂತೆ ತಲೆಯಾಡಿಸಿ ಮರೆಯುವವರನ್ನೂ ಕಂಡಿದ್ದೀರಿ. ಆದರೆ ಕೇಳಿ, ಅದನ್ನು ಚಾಚೂ ತಪ್ಪದೆ ಪಾಲಿಸಿ, ಅದರಿಂದಾದ ಅನಾಹುತವನ್ನು ಕಣ್ಣಾರೆ ನೋಡಿ, ಮರುವಾರ ಮತ್ತೆ ಕೇಳಿದವರನ್ನು? ನಾನು ಕಂಡದ್ದು ಒಬ್ಬರನ್ನೇ!

ಅವರು ಔರಾದದ ಕಡೆಯವರು. ಮನೆ ಬೀದರಿನ ನೌಬಾದದಲ್ಲಿ. ಭಾಲ್ಕಿ ತಾಲ್ಲೂಕಿನಲ್ಲಿ, ಖಟಕ ಚಿಂಚೋಳಿಯಿಂದಾಚೆಗಿನ ಒಂದು ಊರಿನ ಪ್ರೌಢಶಾಲೆಗೆ ಮುಖ್ಯೋಪಾಧ್ಯಾಯರು. ನಾನು ಅಲ್ಲಿ ಕನ್ನಡ ಪಂಡಿತ. ಮಳೆ ಮೇಲಿಂದ ಮೇಲೆ ಕೈಕೊಟ್ಟು, ದೀಪಾವಳಿ ಮುಗಿಯುತ್ತಲೇ ಓಣಿಗೆ ಓಣಿಯೇ ಹೈದರಾಬಾದಿನ ಕಟ್ಟಡಗಳ ಕಡೆಗೆ ಹೊರಡುತ್ತಿದ್ದ ವರ್ಷಗಳವು.

ಬಂದ ಮೊದಲ ವಾರವೇ ಅವರು ಒಂದು ಪದ್ಧತಿ ಹಾಕಿದರು. ಶನಿವಾರದ ಕೊನೆಯ ಅವಧಿಯಲ್ಲಿ ಶಿಕ್ಷಕರೆಲ್ಲ ಬೆಂಚಿನ ಮೇಲೆ ಕುಳಿತುಕೊಳ್ಳಬೇಕು. ಹತ್ತನೆಯ ತರಗತಿಯವರು ಒಬ್ಬೊಬ್ಬರಾಗಿ ಕರಿಹಲಗೆಯ ಮುಂದೆ ಬಂದು, ಸಾಲಿ, ಅಂದರೆ ಶಾಲೆ, ಸುಧಾರಿಸಲು ಏನು ಮಾಡಬೇಕೆಂದು ಹೇಳಬೇಕು. ಮೊದಲು ಎದ್ದ ಹುಡುಗನ ಕಣ್ಣು ನೇರವಾಗಿ ನನ್ನ ಮೇಲೆಯೇ ಬಿತ್ತು.

“ಪಂಡಿತರು ಪದ್ಯ ಓದಿದ್ರ ಅರ್ಧ ತಿಳೀತದರಿ. ಅರ್ಥ ಹೇಳಿದ ಮ್ಯಾಲ ಆ ಅರ್ಧನೂ ಹೋಗ್ತದರಿ.”

ಹೆಡ್‌ಮಾಸ್ತರರು ನಕ್ಕ ನಗೆಗೆ ನಾವು ಕುಳಿತ ಬೆಂಚು ಅಲುಗಾಡಿತು. “ಪಂಡಿತರ, ಸೋಮವಾರದಿಂದ ಅರ್ಥ ಬಂದ್!” ಎಂದು ಅಲ್ಲಿಯೇ ಅಪ್ಪಣೆಯಾಯಿತು. ಪದ್ಯ ನಾನು ಓದುವುದು, ಅರ್ಥ ಹುಡುಗರು ಹುಡುಕುವುದು! ವ್ಯಾಕರಣ, ಛಂದಸ್ಸುಗಳನ್ನು ಗುರುಮುಖದಿಂದ ಕಲಿತವನಿಗೆ ಇದಕ್ಕಿಂತ ದೊಡ್ಡ ಅವಮಾನ ಉಂಟೇ? ಒಂದು ತಿಂಗಳಲ್ಲಿ ಅವರು ಹುಡುಕಿದ ಅರ್ಥಗಳಲ್ಲಿ ಕೆಲವು ನನಗೂ ಹೊಳೆದಿರಲಿಲ್ಲ ಎಂಬುದನ್ನು ಆಗ ಯಾರಿಗೂ ಹೇಳಲಿಲ್ಲ, ಈಗ ಹೇಳುತ್ತಿದ್ದೇನೆ.

ಮುಂದಿನ ಶನಿವಾರ ದೂರದ ಊರುಗಳ ಹುಡುಗರ ಸರದಿ. “ಬಸ್ ಬರೋದ್ರೊಳಗ ಗಂಟಿ ಹೊಡೀತೀರಿ. ಪ್ರಾರ್ಥನಾ ಮುಗಿದ ಮ್ಯಾಲ ಬಂದ್ರ ಹೊರಗ ನಿಂದರಸ್ತೀರಿ. ಬಸ್ಸು ನಾವು ಹೊಡೀತೇವೇನ್ರಿ?” ಮಾತು ನ್ಯಾಯವಾದದ್ದೇ. ಭಾಲ್ಕಿಯ ಬಸ್ಸು ಬಂದ ಮೇಲೆಯೇ ಗಂಟೆ ಎಂದು ತೀರ್ಮಾನವಾಯಿತು. ಎಂಟು ದಿನ ಸೊಗಸಾಗಿ ನಡೆಯಿತು. ಒಂಬತ್ತನೆಯ ದಿನ ಹನ್ನೆರಡಾದರೂ ಬಸ್ಸಿಲ್ಲ, ಗಂಟೆಯಿಲ್ಲ, ಬಂದವರು ಮೇಲಧಿಕಾರಿಗಳು!

“ಸಾಲಿ ಯಾಕ ಶುರು ಆಗಿಲ್ಲ?” ಎಂದು ಅವರು ಗುಡುಗಿದರು.

“ಸಾಲಿ ಹಾದ್ಯಾಗ ಪಂಕ್ಚರ್ ಆಗಿ ನಿಂತದರಿ, ಸಾಹೇಬ್ರ,” ಎಂದರು ನಮ್ಮವರು, ಅತ್ಯಂತ ವಿನಯದಿಂದ.

ಹುಡುಗಿಯರು ಹೇಳಲು ಎದ್ದದ್ದು ಮಾತ್ರ ಮೂರು ಶನಿವಾರ ಕಳೆದ ಮೇಲೆ. ಅವರ ಪಾಯಖಾನೆಗೆ ಬಾಗಿಲಿರಲಿಲ್ಲ. ಅದನ್ನು ನೆಲ ನೋಡುತ್ತ ಹೇಳಿದರು. ಬಾಗಿಲಿಗಾಗಿ ಮೇಲೆ ಬರೆದರೆ ಉತ್ತರ ಬರುವ ಹೊತ್ತಿಗೆ ಆ ಮಕ್ಕಳ ಮದುವೆಯಾಗಿರುತ್ತದೆ ಎಂದು ಹೆಡ್‌ಮಾಸ್ತರರಿಗೆ ಗೊತ್ತಿತ್ತು. ತಮ್ಮ ಕೋಣೆಯ ಬಾಗಿಲನ್ನೇ ಕೀಳಿಸಿ ಅಲ್ಲಿ ನಿಲ್ಲಿಸಿದರು! “ನನಗ್ಯಾಕ ಬೇಕು ಬಾಗಲಾ? ಒಳಗ ಕುಂತು ನಾ ಏನ್ ಮಾಡ್ತೇನಿ?” ಎಂದು ನನ್ನನ್ನೇ ಕೇಳಿದರು. ಬರಗಾಲದಲ್ಲಿ ಮೇವಿಲ್ಲದೆ ಅಲೆಯುತ್ತಿದ್ದ ಕುರಿಯೊಂದು ಒಂದು ಮಧ್ಯಾಹ್ನ ಆ ಕೋಣೆಗೆ ನುಗ್ಗಿ ಮೇಜಿನ ಮೇಲಿದ್ದ ಸುತ್ತೋಲೆಗಳನ್ನು ಮೇಯ್ದುಹಾಕಿತು. ನಾನು ಗಾಬರಿಯಾದೆ. ಅವರು ಕುರಿಯ ಬೆನ್ನು ಸವರಿ, “ಇಷ್ಟು ವರ್ಷದಾಗ ಇವು ಯಾರಿಗೂ ಪಚನ ಆಗಿದ್ದಿಲ್ಲ. ಈಗ ನೋಡ್ರಿ, ಆದವು!” ಎಂದರು.

ಹೀಗೆ ನಗುತ್ತಲೇ ಸಾಗಿದ್ದೆವು, ದೀಪಾವಳಿಯ ಮುಂಚಿನ ಶನಿವಾರದವರೆಗೆ. ಅಂದು ತರಗತಿಯ ಜಾಣೆ, ಲೆಕ್ಕದಲ್ಲಿ ಯಾರಿಗೂ ಸೋಲದ ಹುಡುಗಿ, ಎದ್ದು ಬಂದು ಹೇಳಿದಳು: “ನಾ ಏನೂ ಕೇಳಂಗಿಲ್ರಿ. ಸೋಮವಾರದಿಂದ ನಾ ಬರಂಗಿಲ್ರಿ.”

ತಂದೆತಾಯಿ ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೊರಟಿದ್ದರು. ಅವರು ಕಲ್ಲು ಮಣ್ಣು ಹೊರುವಾಗ ಎರಡು ವರ್ಷದ ತಂಗಿಯನ್ನು ನೋಡಿಕೊಳ್ಳಲು ಇವಳು ಬೇಕು. ಊರಿನಲ್ಲಿ ಅಜ್ಜಿಯಿದ್ದಳು, ಆದರೆ ಓಡಾಡುವ ಕೂಸಿನ ಹಿಂದೆ ಓಡುವ ಕಾಲು ಅವಳಿಗಿರಲಿಲ್ಲ. ಹೋದರೆ ಪರೀಕ್ಷೆ ತಪ್ಪಿತು. ಪರೀಕ್ಷೆ ತಪ್ಪಿದ ಹುಡುಗಿ ಮತ್ತೆ ಶಾಲೆಗೆ ಬಂದದ್ದನ್ನು ಆ ಊರು ಕಂಡಿರಲಿಲ್ಲ.

ಹೆಡ್‌ಮಾಸ್ತರರು ತರಗತಿಯ ಕಡೆಗೆ ತಿರುಗಿ, “ಈಗ ನೀವೇ ಹೇಳ್ರಿ,” ಎಂದರು. ಆಗ ಹಿಂದಿನ ಸಾಲಿನಿಂದ ಒಬ್ಬಳ ದನಿ ಬಂತು: “ಕೂಸಿನ್ನ ಸಾಲಿಗೇ ತರ್ಲಿ ಬಿಡ್ರಿ. ನಾವು ಪಾಳಿ ಮ್ಯಾಲ ಹೊತ್ಕೋತೇವಿ.”

“ಹೌದ್ರಿ! ಹೌದ್ರಿ!” ಎಂದಿತು ಇಡೀ ತರಗತಿ.

ಅಂದು ಸಂಜೆಯೇ ಅವರು ನನ್ನನ್ನೂ ಕರೆದುಕೊಂಡು ಆ ಮನೆಗೆ ಹೋದರು. “ಪಾಸ್ ಆಗ್ತಾಳಂತ ಗ್ಯಾರಂಟಿ ಕೊಡ್ತೀರೇನ್ರಿ?” ಎಂದು ಕೇಳಿದ ತಂದೆ.

“ನನ್ನದೇ ಗ್ಯಾರಂಟಿ ಇಲ್ಲಪ್ಪಾ ನನಗ. ಆಕಿ ಕುಂತು ಬರೀತಾಳ, ಅದಕ್ಕ ನಾ ಜಿಮ್ಮೇದಾರ.”

ತಾಯಿಯೇ ಕೂಸನ್ನು ಎತ್ತಿ ಹಿರಿಯ ಮಗಳ ಕೈಗೆ ಕೊಟ್ಟು ಒಳಗೆ ಹೋದಳು. ಇಬ್ಬರು ಮಕ್ಕಳನ್ನೂ ಅಜ್ಜಿಯ ಬಳಿ ಬಿಟ್ಟು ತಂದೆತಾಯಿ ಹೈದರಾಬಾದಿಗೆ ಹೊರಟರು.

ಅಂತೂ ಪ್ರೌಢಶಾಲೆಗೆ ಎರಡು ವರ್ಷದ ವಿದ್ಯಾರ್ಥಿನಿ ಬಂದಳು! ಗಣಿತದಲ್ಲಿ ಸೀಮೆಸುಣ್ಣ ತಿಂದಳು, ವಿಜ್ಞಾನದಲ್ಲಿ ಅತ್ತಳು, ನನ್ನ ಕನ್ನಡದಲ್ಲಿ ಗಾಢವಾಗಿ ನಿದ್ರಿಸಿದಳು. “ಹತ್ತನೇ ಕ್ಲಾಸಿನವರು ಇದನ್ನ ಕಣ್ಣು ತಗದು ಮಾಡ್ತಿದ್ರು. ಈಕಿ ಪ್ರಾಮಾಣಿಕ ಅದಾಳ,” ಎಂದರು ಹೆಡ್‌ಮಾಸ್ತರರು.

ಪರೀಕ್ಷೆಯ ಕೇಂದ್ರ ಭಾಲ್ಕಿಯಲ್ಲಿತ್ತು. ಮೊದಲ ದಿನ ನಾನು ಅಲ್ಲಿ ತಲುಪಿದಾಗ ಬಿಸಿಲು ನೆತ್ತಿಗೇರಿತ್ತು. ಆವರಣದ ಗೋಡೆಯಾಚೆ, ಬೇವಿನ ಮರದ ಅರೆನೆರಳಿನಲ್ಲಿ ಹೆಡ್‌ಮಾಸ್ತರರು ನಿಂತಿದ್ದರು. ಹೆಗಲ ಮೇಲೆ ಕೂಸು. ಅಕ್ಕ ಒಳಗೆ ಹೋದದ್ದೇ ತಡ ಚೀರತೊಡಗಿದ್ದ ಅದನ್ನು, ಔರಾದದಲ್ಲಿ ತಾವು ಚಿಕ್ಕಂದಿನಲ್ಲಿ ಕಲಿತ ಮರಾಠಿ ಮಗ್ಗಿಯನ್ನು, “ಬೇ ಏಕೆ ಬೇ, ಬೇ ದುಣೆ ಚಾರ್,” ಎಂದು ಜೋಗುಳದಂತೆ ಹಾಡಿ ಮಲಗಿಸಿದ್ದರಂತೆ. ಅಂಗಿ ಬೆವರಿನಿಂದ ತೊಯ್ದಿತ್ತು. ಪಕ್ಕದಲ್ಲಿಯೇ ಕಲ್ಲಿನ ಕಟ್ಟೆಯಿದ್ದರೂ ಕುಳಿತಿರಲಿಲ್ಲ.

ನಾನು ಕೈ ಚಾಚಿದೆ. “ಇತ್ತ ಕೊಡ್ರಿ. ಜರಾ ಕೂಡ್ರಿ.”

ಅವರು ತಲೆಯಾಡಿಸಿ, ಪಿಸುದನಿಯಲ್ಲಿ ಹೇಳಿದರು: “ಬ್ಯಾಡ್ರಿ ಪಂಡಿತರ. ಅಲುಗಿದ್ರ ಏಳ್ತಾಳ. ಎದ್ದು ಅತ್ತಳಂದ್ರ ಒಳಗ ಅಕ್ಕನ ಪೆನ್ನು ನಿಂದರ್ತದ.”

ಕೊನೆಯ ಗಂಟೆ ಬಾರಿಸುವವರೆಗೂ ಪೆನ್ನು ನಿಲ್ಲಲಿಲ್ಲ.

ಒಳಗೆ ಬರೆದವಳಿಗೆ, ಹೊರಗೆ ನಿಂತವರಿಗೆ, ಪಾಳಿಯ ಮೇಲೆ ಹೊತ್ತ ಮಕ್ಕಳಿಗೆ, ಎರಡು ಮಕ್ಕಳನ್ನು ಬಿಟ್ಟು ಹಿಂದಿರುಗಿ ನೋಡದೆ ಬಸ್ಸು ಹತ್ತಿದ ಆ ತಾಯಿಗೆ, ಭಗವಂತನು ಎಲ್ಲ ಕಾಲಕ್ಕೂ ಒಳ್ಳೆಯದನ್ನೇ ಮಾಡಲಿ.