'ಇಲ್ಲ' ಎಂದರೆ ಕೇಳಿಸದ ಮಾವ

ನನ್ನ ಸೋದರಮಾವನಿಗೆ 'ಇಲ್ಲ' ಅನ್ನುವ ಮಾತೊಂದು ಬಿಟ್ಟು ಮಿಕ್ಕಿದ್ದೆಲ್ಲ ಚೆನ್ನಾಗಿಯೇ ಕೇಳಿಸುತ್ತದೆ ಎಂದು ನಮ್ಮ ಅತ್ತೆ ಕೊನೆಯವರೆಗೂ ವಾದಿಸಿದರು. ನಾನು ಒಪ್ಪುವುದಿಲ್ಲ. ಚಿನ್ನದ ಗಣಿಯೊಳಗೆ ವರ್ಷಗಟ್ಟಲೆ ಸಿಡಿಮದ್ದಿನ ಸದ್ದು ತಿಂದು ಅವನ ಎರಡು ಕಿವಿಯೂ ನಿಜವಾಗಿಯೇ ಹೋಗಿದ್ದವು. ಆಮೇಲೆ ಅವನನ್ನು ಮೇಲಕ್ಕೆ ತಂದು ಗಣಿಗಿಳಿಯುವವರ ದೀಪಗಳನ್ನು ಒರೆಸಿ ಕೊಡುವ ಕೆಲಸಕ್ಕೆ ಹಾಕಿದರು. ಕಿವಿ ಹೋದದ್ದಕ್ಕೆ ಪರಿಹಾರ ಸಿಗುತ್ತದೆ ಎಂಬುದು ಅವನಿಗೆ ಗೊತ್ತಾದದ್ದು ಮಾತ್ರ ಬಹಳ ತಡವಾಗಿ.

"ಯಾರೂ ಹೇಳ್ಲಿಲ್ವಾ ಮಾವ?" ಎಂದು ಕೂಗಿ ಕೇಳಿದ್ದೆ.

"ಏಳಿರ್‌ಬೋದು ಕಣಮ್ಮ. ಕಿವುಡನ್‌ಗೆ ಏಳಿದ್ರೆ ಕೇಳ್ತದಾ?"

ಅವತ್ತಿನಿಂದ ಅವನಿಗೊಂದು ಹುಚ್ಚು ಹಿಡಿಯಿತು. ಕೋರಮಂಡಲ್ ಗಣಿಯ ನಮ್ಮ ಸಾಲುಮನೆಗಳಲ್ಲಿ ಕೈ ಇಲ್ಲದವರು, ಕಾಲು ಸೊಟ್ಟಗಾದವರು, ಮಾತು ಬಾರದವರು ಯಾರೇ ಇರಲಿ, ಅವರಿಗೆ ಸರ್ಕಾರದಿಂದ ಏನು ಸಿಗುತ್ತದೆ, ಯಾವ ಬಾಗಿಲು ತಟ್ಟಬೇಕು ಎಂದು ಹುಡುಕಿಕೊಂಡು ಹೊರಡುವುದು! ಜನ ರಜಾ ದಿನ ಸಿನಿಮಾಕ್ಕೆ ಹೋದರೆ ಇವನು ಕಚೇರಿಗೆ ಹೋಗುತ್ತಿದ್ದ. ನಾನಾಗ ಹೊಸದಾಗಿ ಶಾಲೆಯಲ್ಲಿ ಮೇಡಂ ಆಗಿದ್ದೆ. ಮಕ್ಕಳ ಮೇಲೆ ಕೂಗಿ ಕೂಗಿ ನನ್ನ ಗಂಟಲು ಹದವಾಗಿದೆ, ಆದ್ದರಿಂದ ನಾನೇ ಅವನ ಕಿವಿಯಾಗಬೇಕು ಎಂದು ಅವನೇ ತೀರ್ಮಾನ ಮಾಡಿಬಿಟ್ಟ.

ಅವನ ದೊಡ್ಡ ಸಾಹಸವೆಂದರೆ ಸರೋಜಳದು. ಸರೋಜ ಪಕ್ಕದ ಸಾಲಿನ ಮುನಿಯಮ್ಮನ ಮಗಳು. ಕಾಮಸಮುದ್ರದ ಕಡೆಯಿಂದ ಕೂಲಿಗೆ ಬಂದಿದ್ದ ಮುನಿಯಮ್ಮನಿಗೆ ಗಂಡ ಇರಲಿಲ್ಲ. ಸಿಡುಬು ಬಂದು ಹುಡುಗಿಯ ಎರಡು ಕಣ್ಣೂ ಹೋಗಿದ್ದವು. ಮೈಸೂರಿನಲ್ಲಿ ಇಂಥ ಮಕ್ಕಳಿಗೆ ಶಾಲೆ ಇದೆ, ಊಟ, ವಸತಿ, ಪಾಠ ಎಲ್ಲ ಸರ್ಕಾರದ್ದೇ ಎಂದು ಮಾವ ಎಲ್ಲಿಂದಲೋ ಪತ್ತೆ ಮಾಡಿಕೊಂಡು ಬಂದ. ಅದಕ್ಕೆ ತಾಯಿಗೆ ವರಮಾನವಿಲ್ಲ ಎಂಬ ಪತ್ರ ಬೇಕು, ಮಗಳಿಗೆ ಕಣ್ಣಿಲ್ಲ ಎಂಬ ಡಾಕ್ಟರ ಪತ್ರ ಬೇಕು.

ಮೊದಲನೆಯದಕ್ಕೆ ಒಂದು ಕಚೇರಿಗೆ ಹೋದೆವು. ಯಾವ ಊರಿನದು ಎಂದು ಹೇಳುವುದಿಲ್ಲ, ನೀವೂ ಕೇಳಬೇಡಿ! ಗುಮಾಸ್ತರು ತಲೆಯೆತ್ತದೆ "ನಾಳೆ ಬನ್ನಿ" ಎಂದರು.

"ಬನ್ನಾ? ಬ್ಯಾಡ ಸಾಮಿ, ಮುದ್ದೆ ಉಂಡ್ಕೊಂಡೇ ಬಂದಿವ್ನಿ!" ಎಂದು ಮಾವ ಬೆಂಚಿನ ಮೇಲೆ ಕೂತೇಬಿಟ್ಟ.

ನಾನು ಅವನ ಕಿವಿಯಲ್ಲಿ ಕೂಗಲು ಹೋದರೆ ಬೇಡವೆಂದು ಕೈಯಾಡಿಸಿದ. ಗುಮಾಸ್ತರು ಕೂಗಿದರು, ಗೋಡೆಯ ಕ್ಯಾಲೆಂಡರು ತೋರಿಸಿದರು, ಬಾಗಿಲು ತೋರಿಸಿದರು. ಮಾವ ಎರಡನ್ನೂ ನೋಡಿ, ಚೆನ್ನಾಗಿದೆ ಎಂಬಂತೆ ತಲೆದೂಗಿದ. ಮಧ್ಯಾಹ್ನವಾಯಿತು. ಕಡೆಗೆ ಅವರು ಅತ್ತಿತ್ತ ನೋಡಿ, ಮುಂದಕ್ಕೆ ಬಗ್ಗಿ, "ಕಾಫಿಗೆ ಏನಾದರೂ..." ಎಂದು ಪಿಸುಗುಟ್ಟಿದರು.

"ಏನು ಸಾಮಿ? ಕಿವಿ ಕೇಳಕ್ಕಿಲ್ಲ, ಜೋರಾಗಿ ಏಳಿ!"

ಇಡೀ ಕಚೇರಿ ತಿರುಗಿ ನೋಡಿತು. ಲಂಚವನ್ನು ಕೂಗಿ ಕೇಳುವ ಧೈರ್ಯ ಯಾರಿಗಿದೆ ಹೇಳಿ? ಪತ್ರ ಅರ್ಧ ಗಂಟೆಯಲ್ಲಿ ಕೈಗೆ ಬಂತು. "ಸಂತೋಷ ಸಾಮಿ, ರೊಂಬ ಸಂತೋಷ, ಚಾಲಾ ಸಂತೋಷಂ!" ಎಂದು ಮೂರು ಭಾಷೆಯಲ್ಲಿ ನಮಸ್ಕಾರ ಹೇಳಿ ಮಾವ ಹೊರಬಿದ್ದ.

ಡಾಕ್ಟರು ಒಳ್ಳೆಯವರು, ಆದರೆ ಅಭ್ಯಾಸಬಲ ನೋಡಿ! "ಆ ಬೋರ್ಡಿನಲ್ಲಿರೋದನ್ನ ಓದಮ್ಮ" ಎಂದುಬಿಟ್ಟರು. ಸರೋಜ ಗಂಭೀರವಾಗಿ, "ಬೋರ್ಡು ಯಾವ ಕಡೆ ಐತೆ ಸಾರ್?" ಎಂದಳು. ಅವರು ನಾಚಿಕೊಂಡು ಕೂಡಲೇ ಬರೆದುಕೊಟ್ಟರು.

ಎಲ್ಲ ಮುಗಿಯಿತು ಅಂದುಕೊಂಡರೆ ಮುನಿಯಮ್ಮನೇ ಅಡ್ಡ ನಿಂತಳು.

"ನಾನ್ ಕಳ್ಸಕ್ಕಿಲ್ಲಣ್ಣ. ಕಣ್ ಕಾಣ್ದಿರೋ ಮಗಾನ ಕಾಣ್ದೂರ್ಗೆ ಎಂಗ್ ಕಳ್ಸ್ಲಿ?"

ಅವಳು ಹೇಳಿದ್ದು ಮೆಲ್ಲಗೆ. ಆದರೂ ಅವಳ ಮುಖ ನೋಡಿಯೇ ಮಾವನಿಗೆ ಅರ್ಥವಾಯಿತು. ಅವನು ಬನ್ನಿನ ಮಾತೆತ್ತಲಿಲ್ಲ, ಬೆಂಚು ಹುಡುಕಲಿಲ್ಲ. ಹೊಸ್ತಿಲ ಹತ್ತಿರ ನಿಂತೇ, "ಬಾ, ಮೊದ್ಲು ನೀನ್ ನೋಡ್ಕೊಂಡು ಬರ್ವಂತೆ" ಎಂದ. ಅತ್ತೆಯನ್ನೂ ಜೊತೆಗೆ ಹೊರಡಿಸಿಕೊಂಡು ಮುನಿಯಮ್ಮನನ್ನು ಮೈಸೂರಿಗೆ ಕರೆದುಕೊಂಡು ಹೋದ. ಅಲ್ಲಿ ಸರೋಜಳಷ್ಟೇ ವಯಸ್ಸಿನ ಹುಡುಗಿಯೊಬ್ಬಳು ಹಾಳೆಯ ಮೇಲೆ ಬೆರಳಾಡಿಸುತ್ತಾ ಪಾಠ ಓದಿದಳಂತೆ. ಮುನಿಯಮ್ಮ ಊರಿಗೆ ಬಂದವಳೇ ಮಗಳ ಲಂಗಗಳನ್ನು ಒಗೆಯಲು ಕೂತಳು.

ತಾಯಿ ಮಗಳು ಹೊರಟ ದಿನ ಮಾವನೂ ನಾನೂ ಮಾರಿಕುಪ್ಪಂ ರೈಲಿನಲ್ಲಿ ಬಂಗಾರಪೇಟೆಯವರೆಗೆ ಹೋದೆವು. ಮೈಸೂರಿಗೆ ಅಲ್ಲಿ ಗಾಡಿ ಬದಲಾಯಿಸಬೇಕು. ದಾರಿಯುದ್ದಕ್ಕೂ ಮಾವನ ಬಾಯಿಗೆ ಬಿಡುವೇ ಇರಲಿಲ್ಲ. ಶಾಲೆಯಲ್ಲಿ ಜಗಳ ಆಡಬೇಡ, ತಲೆಗೆ ಎಣ್ಣೆ ಹಚ್ಚಿಕೋ, ಯಾರಾದರೂ ಊಟ ಕಮ್ಮಿ ಹಾಕಿದರೆ ನನಗೆ ಹೇಳು, ಬಂದು ಕೂತುಬಿಡುತ್ತೇನೆ! ಡಬ್ಬಿಯವರೆಲ್ಲ ನಗುತ್ತಿದ್ದರು.

ಬಂಗಾರಪೇಟೆಯಲ್ಲಿ ಗಾಡಿ ಬಂದಾಗ ಅವನ ಮಾತು ನಿಂತಿತು. ಮುನಿಯಮ್ಮ ಗಂಟು ಹಿಡಿದು ಹತ್ತಿದಳು. ಸರೋಜ ಹತ್ತಲಿಲ್ಲ. "ಮಾವ ಎಲ್ಲಿ?" ಎಂದು ಕೈ ಚಾಚಿದಳು. ಅವನು ಬಗ್ಗಿದ. ಅವಳು ಎರಡೂ ಕೈಯಿಂದ ಅವನ ಮುಖ ಸವರಿದಳು. ಹಣೆ, ಹುಬ್ಬು, ಮೂಗು. ಒದ್ದೆ ಕೆನ್ನೆಗೆ ಬಂದಾಗ ಬೆರಳು ನಿಂತವು.

"ಮಾವ, ನಿಂಗ್ಯಾರು ಏನಂದ್ರು?" ಎಂದಳು.

ಅವನಿಗೆ ಅದು ಕೇಳಿಸಲಿಲ್ಲ. ನಾನು ಅವನ ಕಿವಿಯ ಹತ್ತಿರ ಬಾಯಿ ತಂದೆ. ಕೂಗಲು ದನಿಯೇ ಹೊರಡಲಿಲ್ಲ.